ಚಪ್ಪಲಿಗಾಗಿ ಕೊಯ್ದ ಪಾದ: ಚೀನಿ ನುಡಿಗಟ್ಟುಗಳಲ್ಲಿ ಕಾಲಿನ ಚರಿತ್ರೆ

ಕ್ರಿಸ್ತಪೂರ್ವ 6ನೇ ಶತಮಾನದ ಮಾತು. ಇಂದಿನ ಚೀನಾದ ಶಾಂದೋಂಗ್ ಪ್ರಾಂತದಲ್ಲಿ ಆಗ ಚೀ ಎಂಬ ರಾಜ್ಯವಿತ್ತು. ಜಿಂಗ್ ಎಂಬಾತ ಅದರ ದೊರೆ, ಯಾನ್ ಯಿಂಗ್ ಆತನ ಮಂತ್ರಿ. ಮಂತ್ರಿಯ ಮನೆ ಸಂತೆಬೀದಿಯ ಮಗ್ಗುಲಲ್ಲಿತ್ತು. ತಗ್ಗಿನ ಜಾಗ, ಇಕ್ಕಟ್ಟು, ಧೂಳು, ಗದ್ದಲ. ಒಳ್ಳೆಯ ಕಡೆ ಬೇರೆ ಮನೆ ಕೊಡಿಸುತ್ತೇನೆಂದು ದೊರೆ ಹೇಳಿದಾಗ ಯಾನ್ ಯಿಂಗ್ ಒಪ್ಪಲಿಲ್ಲ. ಹಿರಿಯರು ಬಾಳಿದ ಮನೆ, ಸಂತೆ ಹತ್ತಿರವಿದ್ದರೆ ಬೇಕಾದ್ದು ಬೇಕಾದಾಗ ಸಿಗುತ್ತದೆ ಎಂದು ನೆಪ ಹೇಳಿದ. ದೊರೆಗೆ ನಗು ಬಂತು. ಹಾಗಾದರೆ ಈಗ ಸಂತೆಯಲ್ಲಿ ಯಾವುದು ತುಟ್ಟಿ, ಯಾವುದು ಅಗ್ಗ ಎಂದು ಕೇಳಿದ. ಕಾಲು ಕಡಿಸಿಕೊಂಡವರು ತೊಡುವ ಪಾದರಕ್ಷೆ ತುಟ್ಟಿ, ಮಾಮೂಲು ಚಪ್ಪಲಿ ಅಗ್ಗ ಎಂದು ಮಂತ್ರಿ ಉತ್ತರಿಸಿದ.

ದೊರೆಗೆ ಅರ್ಥವಾಯಿತು. ಅವನ ರಾಜ್ಯದಲ್ಲಿ ಸಣ್ಣಪುಟ್ಟ ತಪ್ಪಿಗೂ ಜನರ ಪಾದ ಕಡಿಸುತ್ತಿದ್ದರು. ಪಾದವಿಲ್ಲದವರ ಸಂಖ್ಯೆ ಹೆಚ್ಚಿ, ಅವರಿಗಾಗಿಯೇ ಮಾಡಿದ ವಿಶೇಷ ಪಾದರಕ್ಷೆಗೆ ಸಂತೆಯಲ್ಲಿ ಬೇಡಿಕೆ ಏರಿತ್ತು. ಆ ಮಾತಿನ ನಂತರ ದೊರೆ ಶಿಕ್ಷೆಗಳನ್ನು ಕಡಿಮೆ ಮಾಡಿದನೆಂದು 'ಜುವೋ ಜುವಾನ್' ಎಂಬ ಪ್ರಾಚೀನ ಚರಿತ್ರೆಯ ಗ್ರಂಥ ಕ್ರಿ.ಪೂ. 539ರ ಘಟನೆಗಳ ನಡುವೆ ಹೇಳುತ್ತದೆ. ಮಂತ್ರಿಯ ಉತ್ತರ 'ಯೋಂಗ್ ಗುಯಿ ಜು ಜಿಯಾನ್' ಎಂಬ ನಾಲ್ಕಕ್ಷರದ ನುಡಿಗಟ್ಟಾಗಿ ಇಂದಿಗೂ ಚೀನಿ ನಿಘಂಟುಗಳಲ್ಲಿದೆ. ಕ್ರೂರ ಆಡಳಿತವನ್ನು ಹೇಳಲು ಅದನ್ನು ಬಳಸುತ್ತಾರೆ.

ಇಂಥ ನಾಲ್ಕಕ್ಷರದ ನುಡಿಗಟ್ಟುಗಳಿಗೆ ಚೀನಿಯಲ್ಲಿ 'ಚೆಂಗ್ಯೂ' ಎಂದು ಹೆಸರು. ಹಲವುಗಳ ಹಿಂದೆ ಒಂದು ಕಥೆ ಅಥವಾ ಘಟನೆ ಇರುತ್ತದೆ. ಅವುಗಳಲ್ಲಿ ಕಾಲು, ಪಾದ, ಹೆಜ್ಜೆಗಳ ಬಗೆಗಿನವು ಹೇರಳವಾಗಿವೆ. ಹೆಚ್ಚಿನವು ಕೇಳಿದೊಡನೆ ನಗು ತರಿಸುತ್ತವೆ. ಆದರೆ ಒಂದರ ಪಕ್ಕ ಒಂದನ್ನು ಇಟ್ಟು ನೋಡಿದರೆ ಸುಮಾರು 2500 ವರ್ಷಗಳ ಕಾಲ ಅರಸರು, ಅಪ್ಪಂದಿರು, ಸುಧಾರಕರು, ನಾಯಕರು ಇನ್ನೊಬ್ಬರ ಕಾಲಿನ ಮೇಲೆ ನಡೆಸಿದ ಯಜಮಾನಿಕೆಯ ಕಥೆ ಅಲ್ಲಿ ಕಾಣುತ್ತದೆ. ಆ ಕಥೆಯನ್ನು ಹೇಳುವುದೇ ಈ ಬರಹದ ಉದ್ದೇಶ.

ಕಾಲಿನಿಂದ ಹುಟ್ಟಿದ ಅಕ್ಷರಗಳು

ಚೀನಿ ಅಕ್ಷರಗಳು ಮೂಲತಃ ಚಿತ್ರಗಳು. ಮೂರು ಸಾವಿರ ವರ್ಷಗಳಿಗೂ ಹಿಂದೆ ಶಾಂಗ್ ಅರಸರ ಕಾಲದಲ್ಲಿ ಆಮೆಯ ಚಿಪ್ಪು ಮತ್ತು ದನದ ಎಲುಬುಗಳ ಮೇಲೆ ಶಕುನ ಕೇಳಿ ಕೊರೆದ ಬರಹಗಳಲ್ಲಿ ಪಾದದ ಚಿತ್ರ ಮತ್ತೆ ಮತ್ತೆ ಬರುತ್ತದೆ. ಒಂದು ಪಾದದ ಚಿತ್ರದಿಂದ 'ಜಿ' ಎಂಬ ಅಕ್ಷರ ಹುಟ್ಟಿತು. ಇಂದು ಅದರ ಅರ್ಥ 'ನಿಲ್ಲು'. ಒಂದರ ಹಿಂದೆ ಒಂದು ಎರಡು ಪಾದ ಬರೆದರೆ 'ಬು', ಅಂದರೆ ಹೆಜ್ಜೆ. ಕೈ ಬೀಸಿ ಓಡುವ ಮನುಷ್ಯನ ಕೆಳಗೆ ಪಾದ ಬರೆದರೆ 'ಜೋ'. ಹಿಂದೆ 'ಓಡು' ಎಂಬ ಅರ್ಥವಿದ್ದ ಈ ಪದಕ್ಕೆ ಇಂದಿನ ಚೀನಿಯಲ್ಲಿ 'ನಡೆ' ಎಂಬ ಅರ್ಥ ಉಳಿದಿದೆ.

ಪಾದಕ್ಕೆ ಹಳೆಯ ಪದ 'ತ್ಸು'. ಓಡು, ಜಿಗಿ, ಒದೆ, ಮಂಡಿಯೂರು ಎನ್ನುವ ಪದಗಳನ್ನು ಬರೆಯುವಾಗ ಅಕ್ಷರದ ಎಡಮಗ್ಗುಲಲ್ಲಿ ಈ 'ತ್ಸು' ಕೂತಿರುತ್ತದೆ. ದಾರಿ ಎಂಬ ಪದವನ್ನು ಕೂಡ ಪಾದವಿಲ್ಲದೆ ಬರೆಯಲಾಗದು. ಅಣ್ಣತಮ್ಮಂದಿರ ಸಂಬಂಧಕ್ಕೆ 'ಶೋ ತ್ಸು' ಎನ್ನುತ್ತಾರೆ. ಅಂದರೆ ಕೈಕಾಲು. ಒಂದೇ ದೇಹಕ್ಕೆ ಸೇರಿದವರು ಎಂದು ಭಾವ. ಇದೇ 'ತ್ಸು' ಅಕ್ಷರಕ್ಕೆ 'ಸಾಕು' ಎಂಬ ಅರ್ಥವೂ ಇದೆ. ಇದ್ದುದರಲ್ಲಿ ತೃಪ್ತಿಪಡುವುದು 'ಜಿ ತ್ಸು', ಅಂದರೆ ಸಾಕೆಂಬುದನ್ನು ಅರಿಯುವುದು. ಕನ್ನಡದಲ್ಲಿ 'ಕಾಲು' ಎಂದರೆ ನಡೆಯುವ ಅಂಗವೂ ಹೌದು, ನಾಲ್ಕರಲ್ಲೊಂದು ಭಾಗವೂ ಹೌದು. ಚೀನಿಯರಿಗೆ ಪಾದವೂ ತೃಪ್ತಿಯೂ ಒಂದೇ ಅಕ್ಷರ.

ತೊಡೆಗೆ ಹಳೆಯ ಪದ 'ಗು'. ಇದರ ಪಯಣ ಇನ್ನೂ ಸೋಜಿಗದ್ದು. ರಾಜನ ನಂಬಿಗಸ್ತ ಮಂತ್ರಿಗಳನ್ನು ತೊಡೆ ಮತ್ತು ತೋಳು ಎಂದು ಕರೆಯುವ ವಾಡಿಕೆಯಿತ್ತು. ಪ್ರಾಚೀನ ಗಣಿತಜ್ಞರು ಲಂಬಕೋನ ತ್ರಿಭುಜದ ಉದ್ದನೆಯ ಬಾಹುವಿಗೆ 'ಗು' ಎಂದು ಹೆಸರಿಟ್ಟರು. ನಾವು ಶಾಲೆಯಲ್ಲಿ ಪೈಥಾಗೊರಸ್ ಪ್ರಮೇಯವೆಂದು ಕಲಿಯುವುದನ್ನು ಚೀನಿ ಮಕ್ಕಳು ಇಂದಿಗೂ 'ಗೋಗು' ಪ್ರಮೇಯವೆಂದು ಕಲಿಯುತ್ತಾರೆ. ತೊಡೆ ದೇಹದ ಒಂದು ಭಾಗವಾದ್ದರಿಂದ 'ಗು' ಎಂದರೆ ಪಾಲು ಎಂದೂ ಆಯಿತು. ಹೀಗಾಗಿ ಶಾಂಘೈನ ಷೇರುಪೇಟೆಯಲ್ಲಿ ಕೊಳ್ಳುವ, ಮಾರುವ ಷೇರಿನ ಹೆಸರೂ 'ಗು' ಎಂದೇ ಶುರುವಾಗುತ್ತದೆ.

ಇವತ್ತಿನ ಆಡುಮಾತಿನಲ್ಲಿ ಪಾದಕ್ಕೆ 'ಜಿಯಾವ್', ಕಾಲಿಗೆ 'ತ್ವೇ' ಎನ್ನುತ್ತಾರೆ. ಕ್ರಿ.ಶ. 100ರ ಸುಮಾರಿಗೆ ಶೂ ಶೆನ್ ರಚಿಸಿದ ನಿಘಂಟಿನಲ್ಲಿ 'ಜಿಯಾವ್' ಎಂದರೆ ಮೊಣಕಾಲಿನ ಕೆಳಗಿನ ಮುಂಗಾಲು ಎಂದಿದೆ. ಅಂದರೆ ಈ ಪದ ಕಾಲಕ್ರಮೇಣ ಮುಂಗಾಲಿನಿಂದ ಪಾದಕ್ಕೆ ಇಳಿದು ಬಂದಿದೆ. ಬೆಟ್ಟದ ಬುಡ 'ಬೆಟ್ಟದ ಪಾದ', ಗೋಡೆಯ ಬುಡ 'ಗೋಡೆಯ ಪಾದ'. ಒಬ್ಬರ ಕೆಲಸಗಾರರನ್ನು ಇನ್ನೊಬ್ಬರು ಆಸೆ ತೋರಿಸಿ ಸೆಳೆದುಕೊಂಡರೆ 'ಗೋಡೆಯ ಪಾದ ಅಗೆದರು' ಎನ್ನುತ್ತಾರೆ. ವರ್ಷವಿಡೀ ಪುಸ್ತಕ ಮುಟ್ಟದೆ ಪರೀಕ್ಷೆಯ ಹಿಂದಿನ ರಾತ್ರಿ ಓದಲು ಕೂರುವ ಹುಡುಗನನ್ನು 'ಕೊನೇ ಗಳಿಗೆಯಲ್ಲಿ ಬುದ್ಧನ ಪಾದ ತಬ್ಬಿದ' ಎಂದು ಅಣಕಿಸುತ್ತಾರೆ. ಇಲ್ಲಿಯವರೆಗೆ ಕಾಲು ನಿರಪಾಯದ ಅಂಗ.

ಕಡಿದ ಕಾಲುಗಳು

ಪ್ರಾಚೀನ ಚೀನಾದಲ್ಲಿ ಐದು ಬಗೆಯ ಘೋರ ಶಿಕ್ಷೆಗಳಿದ್ದವು. ಮುಖದ ಮೇಲೆ ಹಚ್ಚೆ ಚುಚ್ಚುವುದು, ಮೂಗು ಕೊಯ್ಯುವುದು, ಪಾದ ಕಡಿಯುವುದು, ಬೀಜ ತೆಗೆಯುವುದು, ಕೊನೆಯದು ಮರಣದಂಡನೆ. ಪಾದ ಕಡಿಯುವ ಶಿಕ್ಷೆಗೆ 'ಯ್ವೆ' ಎಂದು ಹೆಸರು. ಯಾನ್ ಯಿಂಗ್‌ನ ಸಂತೆಯಲ್ಲಿ ತುಟ್ಟಿಯಾಗಿದ್ದ ಪಾದರಕ್ಷೆ ಈ ಶಿಕ್ಷೆಗೆ ಗುರಿಯಾದವರದು.

ಕ್ರಿ.ಪೂ. 3ನೇ ಶತಮಾನದ ಚಿಂತಕ ಹಾನ್ ಫೇ ಹೇಳುವ ಒಂದು ಕಥೆಯಿದೆ. ಚು ರಾಜ್ಯದ ಬಿಯಾನ್ ಹೆ ಎಂಬಾತನಿಗೆ ಬೆಟ್ಟದಲ್ಲಿ ಒಂದು ಕಲ್ಲು ಸಿಕ್ಕಿತು. ಒಳಗೆ ಅಮೂಲ್ಯ ಪಚ್ಚೆಶಿಲೆ ಇದೆಯೆಂದು ಅದನ್ನು ಅರಸನಿಗೆ ಒಪ್ಪಿಸಿದ. ಆಸ್ಥಾನದ ಪರೀಕ್ಷಕ ಬರೀ ಕಲ್ಲು ಎಂದ. ಮೋಸಗಾರನೆಂದು ಬಿಯಾನ್ ಹೆಯ ಎಡಪಾದ ಕಡಿಸಿದರು. ಮುಂದಿನ ಅರಸನ ಬಳಿಗೆ ಹೋದಾಗ ಬಲಪಾದವೂ ಹೋಯಿತು. ಮೂರನೆಯ ಅರಸ ಪಟ್ಟಕ್ಕೆ ಬಂದಾಗ ಅವನು ಕಲ್ಲನ್ನು ತಬ್ಬಿಕೊಂಡು ಮೂರು ಹಗಲು ಮೂರು ರಾತ್ರಿ ಅತ್ತ. ಪಾದ ಕಳೆದುಕೊಂಡವರು ಎಷ್ಟೋ ಜನರಿರುವಾಗ ನಿನ್ನದೇನು ಇಷ್ಟೊಂದು ದುಃಖ ಎಂದು ಅರಸ ಆಳು ಕಳಿಸಿ ಕೇಳಿಸಿದ. ರತ್ನವನ್ನು ಕಲ್ಲೆಂದರು, ಪ್ರಾಮಾಣಿಕನನ್ನು ವಂಚಕನೆಂದರು, ಅದಕ್ಕೆ ಅಳುತ್ತೇನೆ ಎಂದ. ಕಲ್ಲನ್ನು ಸೀಳಿ ನೋಡಿದರೆ ಒಳಗೆ ಅಪ್ಪಟ ಪಚ್ಚೆಶಿಲೆ. ಮುಂದೆ ಆ ಶಿಲೆ 15 ನಗರಗಳಿಗೆ ಸಮವೆಂದು ಹೆಸರಾಗಿ ರಾಜ್ಯಗಳ ನಡುವೆ ಜಗಳ ತಂದಿತು. ಪಾದವಿಲ್ಲದ ಆ ಮನುಷ್ಯ ಅಲ್ಲಿಂದ ಮುಂದೆ ಏನಾದನೆಂದು ಕಥೆ ಹೇಳುವುದಿಲ್ಲ. ಕೇಳಲು ಬಂದ ಆಳು ಪಾದ ಕಳೆದುಕೊಂಡವರು ಎಷ್ಟೋ ಜನರಿದ್ದಾರೆ ಎಂದದ್ದನ್ನು ಗಮನಿಸಬೇಕು. ಆ ಕಾಲಕ್ಕೆ ಅದು ಅಷ್ಟು ಸಾಮಾನ್ಯ ದೃಶ್ಯವಾಗಿತ್ತು.

ಕ್ರಿ.ಪೂ. 4ನೇ ಶತಮಾನದ ಯುದ್ಧಪಂಡಿತ ಸುನ್ ಬಿನ್‌ನ ಹೆಸರೇ ಒಂದು ಗಾಯ. 'ಬಿನ್' ಎಂದರೆ ಮೊಣಕಾಲ ಚಿಪ್ಪು, ಅದನ್ನು ತೆಗೆಯುವ ಶಿಕ್ಷೆಗೂ ಅದೇ ಹೆಸರು. ಜೊತೆಯಲ್ಲಿ ಕಲಿತ ಗೆಳೆಯ ಪಾಂಗ್ ಜುವಾನ್ ಹೊಟ್ಟೆಕಿಚ್ಚಿನಿಂದ ಸುಳ್ಳು ಆರೋಪ ಹೊರಿಸಿ ಅವನನ್ನು ನಡೆಯಲಾಗದವನನ್ನಾಗಿ ಮಾಡಿದ. ಸುನ್ ಬಿನ್ ಚೀ ರಾಜ್ಯಕ್ಕೆ ತಪ್ಪಿಸಿಕೊಂಡು ಹೋಗಿ, ಗಾಡಿಯಲ್ಲಿ ಕೂತೇ ಯುದ್ಧತಂತ್ರ ಹೆಣೆದು ಮಾಲಿಂಗ್ ಎಂಬಲ್ಲಿ ಪಾಂಗ್ ಜುವಾನ್‌ನನ್ನು ಸೋಲಿಸಿದ. ಹುಟ್ಟಿದಾಗ ತಂದೆತಾಯಿ ಇಟ್ಟ ಹೆಸರು ಇತಿಹಾಸದಲ್ಲಿ ಉಳಿಯಲಿಲ್ಲ, ಶಿಕ್ಷೆಯ ಹೆಸರೇ ಅವನ ಹೆಸರಾಯಿತು. 1972ರಲ್ಲಿ ಶಾಂದೋಂಗ್‌ನ ಲಿನ್‌ಯೀ ಬಳಿಯ ಹಾನ್ ಕಾಲದ ಸಮಾಧಿಯೊಂದರಲ್ಲಿ ಅವನ ಕಳೆದುಹೋಗಿದ್ದ ಯುದ್ಧಶಾಸ್ತ್ರ ಬಿದಿರಿನ ಪಟ್ಟಿಗಳ ಮೇಲೆ ಸಿಕ್ಕಿತು.

ಈ ಶಿಕ್ಷೆಯನ್ನು ನಿಲ್ಲಿಸುವುದಕ್ಕೆ ಕಾರಣಳಾದವಳು ಒಬ್ಬ ಹುಡುಗಿ. ಆಕೆಯ ಹೆಸರು ತಿಯಿಂಗ್. ತಂದೆ ಚುನ್‌ಯು ಯೀ ಹೆಸರಾಂತ ವೈದ್ಯ. ಹಿಂದೆ ಯಾನ್ ಯಿಂಗ್ ಮಂತ್ರಿಯಾಗಿದ್ದ ಚೀ ರಾಜ್ಯದ ರಾಜಧಾನಿ ಲಿನ್‌ಝಿಯವನು. ಕ್ರಿ.ಪೂ. 167ರಲ್ಲಿ ಆತನ ಮೇಲೆ ಆರೋಪ ಬಂದು, ಅಂಗ ಕಡಿಸುವ ಶಿಕ್ಷೆಗೆ ರಾಜಧಾನಿ ಚಾಂಗ್‌ಆನ್‌ಗೆ ಹಿಡಿದೊಯ್ದರು. ಐವರು ಹೆಣ್ಣುಮಕ್ಕಳು ಅಳುತ್ತಾ ಬಾಗಿಲಿಗೆ ಬಂದಾಗ, ಕಷ್ಟಕಾಲಕ್ಕೆ ಆಗಿಬರುವ ಒಬ್ಬ ಗಂಡುಮಗನಿಲ್ಲವಲ್ಲ ಎಂದು ತಂದೆ ಗದರಿದನಂತೆ. ಕೊನೆಯ ಮಗಳು ತಿಯಿಂಗ್ ತಂದೆಯ ಹಿಂದೆಯೇ ರಾಜಧಾನಿಗೆ ಹೋಗಿ ಚಕ್ರವರ್ತಿ ವೆನ್‌ಗೆ ಮನವಿ ಬರೆದುಕೊಂಡಳು. ಕಡಿದ ಅಂಗ ಮತ್ತೆ ಕೂಡುವುದಿಲ್ಲ, ತಪ್ಪು ತಿದ್ದಿಕೊಳ್ಳಬೇಕೆಂದರೂ ಅವನಿಗೆ ದಾರಿ ಉಳಿಯುವುದಿಲ್ಲ, ತಂದೆಯ ಬದಲಿಗೆ ತಾನು ಸರ್ಕಾರದ ದಾಸಿಯಾಗುತ್ತೇನೆ ಎಂಬುದು ಅದರ ಸಾರ. ಆ ವರ್ಷವೇ ಚಕ್ರವರ್ತಿ ಅಂಗಚ್ಛೇದನದ ಶಿಕ್ಷೆಗಳನ್ನು ರದ್ದು ಮಾಡಿದ.

ಆ ಕರುಣೆಗೂ ಮಿತಿಯಿತ್ತು. ಎಡಪಾದ ಕಡಿಯುವುದರ ಬದಲು 500 ಏಟು, ಬಲಪಾದ ಕಡಿಯುವುದರ ಬದಲು ಮರಣದಂಡನೆ ಎಂದು ಹೊಸ ಕಾನೂನು ಹೇಳಿತು. ಏಟು ತಿನ್ನುತ್ತಲೇ ಬಹಳ ಜನ ಸತ್ತರು. ಮುಂದಿನ ಚಕ್ರವರ್ತಿ ಏಟಿನ ಸಂಖ್ಯೆಯನ್ನು ಇಳಿಸಬೇಕಾಯಿತು. ಆ ಕಾಲದ ಕಾನೂನಿನ ಭಾಷೆಯಲ್ಲಿ ಎಡಪಾದ ಕಡಿಯುವುದಕ್ಕೆ 'ಎಡ ಜಿ ಕಡಿಯುವುದು' ಎಂದಿದೆ. ಇಂದು 'ನಿಲ್ಲು' ಎಂದು ಓದುವ ಆ 'ಜಿ' ಅಲ್ಲಿ ಇನ್ನೂ ಪಾದವೇ ಆಗಿದೆ.

ಚಪ್ಪಲಿಯ ಅಳತೆ

ಇಷ್ಟು ತಿಳಿದ ಮೇಲೆ ಚೀನಿಯರ ಅತಿ ಪ್ರಸಿದ್ಧ ನುಡಿಗಟ್ಟೊಂದನ್ನು ಬೇರೆ ರೀತಿಯಲ್ಲಿ ಕೇಳಿಸಿಕೊಳ್ಳಬೇಕಾಗುತ್ತದೆ. 'ಶ್ವೆ ತ್ಸು ಶಿ ಲ್ಯೂ', ಅಂದರೆ ಚಪ್ಪಲಿಗೆ ಹೊಂದುವಂತೆ ಪಾದ ಕೊಯ್ಯುವುದು. ನಿಯಮಕ್ಕಾಗಿ ಬದುಕನ್ನೇ ಕತ್ತರಿಸುವ ಮೂರ್ಖತನಕ್ಕೆ ಹೀಗೆನ್ನುತ್ತಾರೆ. ಇದರ ಬೇರು ಕ್ರಿ.ಪೂ. 139ರಲ್ಲಿ ಚಕ್ರವರ್ತಿಗೆ ಒಪ್ಪಿಸಲಾದ 'ಹುವಾಯ್‌ನಾನ್‌ಝಿ' ಗ್ರಂಥದಲ್ಲಿದೆ. ತಿಯಿಂಗ್‌ಳ ಮನವಿಯಾಗಿ ಆಗ 30 ವರ್ಷವೂ ಕಳೆದಿರಲಿಲ್ಲ. ಪಾದ ಕಡಿಸಿಕೊಂಡ ಮುದುಕರು ಆಗಿನ್ನೂ ಬೀದಿಗಳಲ್ಲಿ ಇದ್ದಿರಲೇಬೇಕು. ನಮಗೆ ಬರೀ ಉತ್ಪ್ರೇಕ್ಷೆಯಾಗಿ ಕೇಳುವ ಮಾತು ಅಂದಿನ ಓದುಗನಿಗೆ ಕಣ್ಣಾರೆ ಕಂಡದ್ದಾಗಿತ್ತು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ನಮ್ಮ ಗಾದೆ ಬಡವನಿಗೆ ವಿವೇಕ ಹೇಳುತ್ತದೆ, ಉರ್ದುವಿನಲ್ಲಿ ಇದನ್ನೇ ಚಾದರದ ಹೆಸರಿನಲ್ಲಿ ಹೇಳುತ್ತಾರೆ. ಚೀನಿ ಮಾತು ಹಾಸಿಗೆ ಹೊಲಿದವನನ್ನೇ ಪ್ರಶ್ನಿಸುತ್ತದೆ.

ಹಾನ್ ಫೇ ಹೇಳುವ ಇನ್ನೊಂದು ಕಥೆಯಲ್ಲಿ ಜೆಂಗ್ ರಾಜ್ಯದ ಒಬ್ಬಾತ ಮನೆಯಲ್ಲಿ ಪಾದದ ಅಳತೆ ತೆಗೆದಿಟ್ಟು, ಅದನ್ನು ಮರೆತು ಸಂತೆಗೆ ಬರುತ್ತಾನೆ. ಚಪ್ಪಲಿ ಕೈಗೆತ್ತಿಕೊಂಡವನು ಅಳತೆ ತರಲು ಮನೆಗೆ ಓಡುತ್ತಾನೆ. ತಿರುಗಿ ಬರುವಷ್ಟರಲ್ಲಿ ಸಂತೆ ಮುಗಿದಿರುತ್ತದೆ. ಕಾಲಿಗೇ ಹಾಕಿ ನೋಡಬಹುದಿತ್ತಲ್ಲ ಎಂದು ಯಾರೋ ಕೇಳಿದರೆ, ನನಗೆ ಅಳತೆಯ ಮೇಲೆ ನಂಬಿಕೆ, ಕಾಲಿನ ಮೇಲಿಲ್ಲ ಎನ್ನುತ್ತಾನೆ. ಅರ್ಜಿ ಹಿಡಿದು ಕಚೇರಿ ಸುತ್ತಿದವರಿಗೆ ಈ ಮನುಷ್ಯ ಅಪರಿಚಿತನೇನಲ್ಲ.

'ಹಾನ್‌ದಾನ್‌ನಲ್ಲಿ ನಡಿಗೆ ಕಲಿಯುವುದು' ಎಂಬ ಮಾತು 'ಜುವಾಂಗ್‌ಝಿ' ಗ್ರಂಥದ ಒಂದು ಕಥೆಯಿಂದ ಬಂದದ್ದು. ಹಾನ್‌ದಾನ್ ನಗರದ ಜನರ ನಡಿಗೆ ಬಹಳ ಚೆಂದವೆಂದು ಕೇಳಿ ಒಬ್ಬ ಯುವಕ ಅದನ್ನು ಕಲಿಯಲು ಹೋದ. ಅವರ ನಡಿಗೆ ಬರಲಿಲ್ಲ, ತನ್ನದು ಮರೆತುಹೋಯಿತು, ಅಂಬೆಗಾಲಿಕ್ಕಿಕೊಂಡು ಊರಿಗೆ ಮರಳಿದ. 'ಹಾವು ಬರೆದು ಕಾಲು ಸೇರಿಸುವುದು' ಎಂಬುದು ಇನ್ನೂ ಜನಪ್ರಿಯ. ಯಾರು ಮೊದಲು ಹಾವಿನ ಚಿತ್ರ ಬರೆಯುತ್ತಾರೋ ಅವರಿಗೆ ಮದ್ಯದ ಪಾತ್ರೆ ಎಂದು ಪಂದ್ಯ ಕಟ್ಟಿದಾಗ, ಮೊದಲು ಮುಗಿಸಿದವನು ಸಮಯವಿದೆಯೆಂದು ಕಾಲು ಬರೆಯತೊಡಗಿದ. ಹಾವಿಗೆ ಕಾಲೆಲ್ಲಿದೆ ಎಂದು ಎರಡನೆಯವನು ಪಾತ್ರೆ ಕಿತ್ತುಕೊಂಡ. ಗೆದ್ದ ಮೇಲೂ ಇನ್ನೊಂದು ರಾಜ್ಯದ ಮೇಲೆ ದಂಡೆತ್ತಿ ಹೊರಟಿದ್ದ ಚು ರಾಜ್ಯದ ಸೇನಾಪತಿಗೆ ಚೆನ್ ಜೆನ್ ಎಂಬ ಚತುರ ಈ ಕಥೆ ಹೇಳಿ ದಂಡಯಾತ್ರೆ ನಿಲ್ಲಿಸಿದನಂತೆ. ಆಳುವವರಿಗೆ ನೇರವಾಗಿ ಬುದ್ಧಿ ಹೇಳಲಾಗದ ಕಾಲದಲ್ಲಿ ಇಂಥ ಕಥೆಗಳೇ ನೆರವಿಗೆ ಬರುತ್ತಿದ್ದವು.

ತಾವರೆಯ ಹೆಸರಿನ ಗಾಯ

ಕಾನೂನಿನಿಂದ ಪಾದ ಕಡಿಯುವುದು ನಿಂತು ಸಾವಿರಕ್ಕೂ ಹೆಚ್ಚು ವರ್ಷಗಳಾದ ಮೇಲೆ, ಯಾವ ಕಾನೂನೂ ಹೇಳದಿದ್ದರೂ ಮನೆಮನೆಯಲ್ಲಿ ಹೆಣ್ಣುಮಕ್ಕಳ ಪಾದ ಮುರಿಯುವುದು ಶುರುವಾಯಿತು. ಅದಕ್ಕೆ ಸಿಕ್ಕಿದ ಹೆಸರು ಮಾತ್ರ ಬಹಳ ಸುಂದರ.

ಆ ಹೆಸರಿನ ಬೇರು ನಮ್ಮ ನೆಲದಲ್ಲಿದೆ. ಭಾರತದ ಒಂದು ಬೌದ್ಧ ಕಥೆಯಲ್ಲಿ ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿದ ಪದ್ಮಾವತಿ ಹೆಜ್ಜೆ ಇಟ್ಟಲ್ಲೆಲ್ಲ ತಾವರೆ ಅರಳುತ್ತದೆ. ಬೌದ್ಧ ಗ್ರಂಥಗಳ ಅನುವಾದದೊಂದಿಗೆ ಈ ಕಥೆ ಚೀನಾಕ್ಕೆ ಹೋಯಿತು. 498ರಿಂದ 501ರವರೆಗೆ ದಕ್ಷಿಣ ಚೀನಾವನ್ನಾಳಿದ ಶಿಯಾವ್ ಬಾವ್‌ಜುವಾನ್ ಎಂಬ ವಿಲಾಸಿ ಅರಸ ನೆಲದ ಮೇಲೆ ಚಿನ್ನದ ತಾವರೆ ಹಾಸಿ, ಪ್ರಿಯೆ ಪಾನ್‌ಳನ್ನು ಅದರ ಮೇಲೆ ನಡೆಸಿ, ಹೆಜ್ಜೆಹೆಜ್ಜೆಗೂ ತಾವರೆ ಹುಟ್ಟಿತು ಎಂದು ಹಿಗ್ಗಿದನಂತೆ. 'ಬು ಬು ಶೆಂಗ್ ಲಿಯಾನ್' ಎಂಬ ನುಡಿಗಟ್ಟು ಅಲ್ಲಿಂದ ಬಂತು. ಅವಳ ಪಾದ ಕಟ್ಟಿದ್ದಲ್ಲ, ಸಹಜವಾದದ್ದು. 10ನೇ ಶತಮಾನದಲ್ಲಿ ಲಿ ಯೂ ಎಂಬ ಅರಸನ ಆಸ್ಥಾನದಲ್ಲಿ ಯಾವ್ ನಿಯಾಂಗ್ ಎಂಬ ನರ್ತಕಿ ಪಾದಕ್ಕೆ ಬಟ್ಟೆ ಸುತ್ತಿಕೊಂಡು ತಾವರೆಯಾಕಾರದ ಚಿನ್ನದ ವೇದಿಕೆಯ ಮೇಲೆ ಕುಣಿದಳೆಂಬ ಐತಿಹ್ಯವೂ ಇದೆ. ಗಟ್ಟಿ ಪುರಾವೆ ಸಿಗುವುದು ಸಾಂಗ್ ಅರಸರ ಕಾಲದಲ್ಲಿ. 1243ರಲ್ಲಿ ಹದಿಹರೆಯದಲ್ಲೇ ತೀರಿಕೊಂಡ ಹುವಾಂಗ್ ಶೆಂಗ್ ಎಂಬಾಕೆಯ ಸಮಾಧಿ 1975ರಲ್ಲಿ ಫುಜೋ ನಗರದಲ್ಲಿ ಪತ್ತೆಯಾಯಿತು. ಅವಳ ಪಾದಗಳಿಗೆ ಬಟ್ಟೆ ಬಿಗಿದಿತ್ತು, ಜೊತೆಯಲ್ಲಿ ಪುಟ್ಟ ಪಾದರಕ್ಷೆಗಳಿದ್ದವು.

ನಾಲ್ಕೈದರಿಂದ ಏಳೆಂಟು ವರ್ಷದೊಳಗೆ ಹುಡುಗಿಯ ಪಾದ ಕಟ್ಟುತ್ತಿದ್ದರು. ಹೆಬ್ಬೆರಳೊಂದನ್ನು ಬಿಟ್ಟು ನಾಲ್ಕು ಬೆರಳುಗಳನ್ನು ಅಂಗಾಲಿನ ಅಡಿಗೆ ಮಡಚಿ, ಹಿಮ್ಮಡಿಯನ್ನು ಮುಂದಕ್ಕೆಳೆದು, ಉದ್ದನೆಯ ಬಟ್ಟೆಯಿಂದ ಬಿಗಿದು, ದಿನದಿನಕ್ಕೂ ಇನ್ನಷ್ಟು ಬಿಗಿ ಮಾಡುತ್ತಿದ್ದರು. ಮೂಳೆ ಮುರಿಯುತ್ತಿತ್ತು, ಕೀವು ಕಟ್ಟುತ್ತಿತ್ತು. ಕಟ್ಟುತ್ತಿದ್ದವಳು ತಾಯಿ ಅಥವಾ ಅಜ್ಜಿ. ಕೊನೆಗೆ ಉಳಿಯಬೇಕಾದದ್ದು 'ಸಾನ್ ತ್ಸುನ್ ಜಿನ್ ಲಿಯಾನ್', ಮೂರಂಗುಲದ ಹೊಂದಾವರೆ. ಇಂದಿನ ಲೆಕ್ಕದಲ್ಲಿ ಸುಮಾರು 10 ಸೆಂಟಿಮೀಟರ್. ಕವಿಗಳು ಹೊಂದಾವರೆಯನ್ನು ಹೊಗಳಿದರು. ಹಳ್ಳಿಯ ಹೆಂಗಸರ ಬಾಯಲ್ಲಿ ಬೇರೊಂದು ಮಾತು ಉಳಿಯಿತು: ಒಂದು ಜೊತೆ ಚಿಕ್ಕ ಪಾದ, ಒಂದು ಹಂಡೆ ಕಣ್ಣೀರು.

ಇದನ್ನು ವಿರೋಧಿಸಿ ಮೊದಮೊದಲು ಬರೆದವರಲ್ಲಿ 13ನೇ ಶತಮಾನದ ಚ ರುವೋಶುಯಿ ಒಬ್ಬರು. ನಾಲ್ಕೈದು ವರ್ಷವೂ ತುಂಬದ, ಯಾವ ಅಪರಾಧವನ್ನೂ ಮಾಡದ ಮಗುವಿಗೆ ಈ ಅಪಾರ ನೋವು ಏತಕ್ಕೆ ಎಂದು ಅವರು ಕೇಳಿದರು. ಅವರು ಅಪರಾಧದ ಮಾತೆತ್ತಿದ್ದು ಮುಖ್ಯ. ಪಾದ ಕಡಿಯುವ ಶಿಕ್ಷೆಗೆ ಸುಳ್ಳೋ ನಿಜವೋ ಒಂದು ಆರೋಪವಾದರೂ ಬೇಕಿತ್ತು. ಇಲ್ಲಿ ಹೆಣ್ಣಾಗಿ ಹುಟ್ಟಿದ್ದೇ ಸಾಕಾಗಿತ್ತು.

ಮುಸ್ಲಿಮರು ಇದರಿಂದ ಹೊರಗಿದ್ದರೇ? ಇರಲಿಲ್ಲ. ಗಾನ್ಸು ಪ್ರಾಂತದ ಹುಯಿ ಮುಸ್ಲಿಮರಲ್ಲೂ ಪಾದ ಕಟ್ಟುವ ರೂಢಿಯಿತ್ತು. ಇನ್ನೊಂದೆಡೆ, ದಕ್ಷಿಣದ ಕ್ಯಾಂಟನ್ ನಗರದ ಮಸೀದಿಯೊಂದರಲ್ಲಿ ಪಾದ ಕಟ್ಟುವುದು ಅಲ್ಲಾಹನ ಸೃಷ್ಟಿಯನ್ನು ಕೆಡಿಸುವ ಕೆಲಸ, ಇಸ್ಲಾಮಿನಲ್ಲಿ ಅದಕ್ಕೆ ಅನುಮತಿಯಿಲ್ಲ ಎಂಬ ಫಲಕವನ್ನು ಕಂಡದ್ದಾಗಿ 19ನೇ ಶತಮಾನದ ಚೀನಿ ಭಾಷೆಯ ವಿದ್ವಾಂಸ ಜೇಮ್ಸ್ ಲೆಗ್ ದಾಖಲಿಸಿದ್ದಾರೆ. ಧರ್ಮದ ಮಾತು ಒಂದಾದರೆ ಊರಿನ ರೂಢಿ ಇನ್ನೊಂದು. ಮದುವೆಯ ಮಾತುಕತೆಯ ಹೊತ್ತಿಗೆ ಗೆಲ್ಲುವುದು ಯಾವುದೆಂದು ನಮಗೂ ಗೊತ್ತು. ಉರ್ದುವಿನಲ್ಲಿ ನಿರ್ಬಂಧಕ್ಕೂ ಕಟ್ಟುನಿಟ್ಟಿನ ಪಾಲನೆಗೂ 'ಪಾಬಂದಿ' ಎನ್ನುತ್ತೇವೆ. ಫಾರ್ಸಿಯ ಆ ಪದವನ್ನು ಬಿಡಿಸಿದರೆ 'ಪಾ' ಎಂದರೆ ಪಾದ, 'ಬಂದ್' ಎಂದರೆ ಕಟ್ಟಿದ್ದು. ಮನೆಗೆ ಬಂದ ಸೊಸೆಯ ಅದೃಷ್ಟವನ್ನು ಅವಳ 'ಕಾಲ್ಗುಣ'ದಲ್ಲಿ ಹುಡುಕುವ ಕನ್ನಡಿಗರು ಚೀನಿಯರನ್ನು ಕಂಡು ಮೂಗು ಮುರಿಯುವಂತಿಲ್ಲ.

ರೂಢಿ ಇಷ್ಟು ಗಟ್ಟಿಯಾಗಿದ್ದುದರಿಂದ ಅರಸರ ಆಜ್ಞೆಯೂ ನಡೆಯಲಿಲ್ಲ. ಮಂಚು ಹೆಂಗಸರು ಪಾದ ಕಟ್ಟುತ್ತಿರಲಿಲ್ಲ. ಮಂಚು ವಂಶದ ಚಕ್ರವರ್ತಿ ಕಾಂಗ್‌ಶಿಯ ಆಳ್ವಿಕೆಯಲ್ಲಿ 1664ರಲ್ಲಿ ಹೊರಡಿಸಿದ ನಿಷೇಧವನ್ನು ನಾಲ್ಕೇ ವರ್ಷಕ್ಕೆ ಹಿಂದಕ್ಕೆ ಪಡೆಯಬೇಕಾಯಿತು. 19ನೇ ಶತಮಾನದ ಆರಂಭದಲ್ಲಿ ಲಿ ರುಝೆನ್ ಎಂಬ ಕಾದಂಬರಿಕಾರರು 'ಕನ್ನಡಿಯೊಳಗಿನ ಹೂವುಗಳು' ಎಂಬ ಕೃತಿಯಲ್ಲಿ ಒಂದು ಹೆಣ್ಣುರಾಜ್ಯವನ್ನು ಕಲ್ಪಿಸಿ, ಅಲ್ಲಿಗೆ ಹೋದ ಲಿನ್ ಎಂಬ ವ್ಯಾಪಾರಿಯನ್ನು ಹಿಡಿದು ಅವನ ಪಾದ ಕಟ್ಟಿಸುತ್ತಾರೆ. ಗಂಡಸಿನ ನೋವಿನ ಕೂಗಿನ ಮೂಲಕವಾದರೂ ಓದುಗ ಗಂಡಸರಿಗೆ ಕೇಳಿಸಲಿ ಎಂದಿರಬೇಕು.

ಬೈಗುಳವಾದ ಪಾದ

19ನೇ ಶತಮಾನದ ಕೊನೆಗೆ ಹೊಸ ಪದವೊಂದು ಬಂತು: 'ತಿಯಾನ್ ತ್ಸು', ಅಂದರೆ ದೈವದತ್ತ ಪಾದ, ಸಹಜ ಪಾದ. 1895ರಲ್ಲಿ ಶಾಂಘೈನಲ್ಲಿ ಇಂಗ್ಲಿಷ್ ಮಹಿಳೆ ಅಲಿಸಿಯಾ ಲಿಟಲ್ ಇದೇ ಹೆಸರಿನ ಸಂಘ ಕಟ್ಟಿದರು. ಚೀನಿ ಸುಧಾರಕ ಕಾಂಗ್ ಯೂವೇ 1898ರಲ್ಲಿ ಚಕ್ರವರ್ತಿಗೆ ಪಾದಬಂಧನ ನಿಷೇಧಿಸುವಂತೆ ಮನವಿ ಸಲ್ಲಿಸಿದರು. 1902ರಲ್ಲಿ ರಾಜಮಾತೆ ಸಿಶಿ ಅದರ ವಿರುದ್ಧ ಆಜ್ಞೆ ಹೊರಡಿಸಿದಳು, 1912ರಲ್ಲಿ ಗಣರಾಜ್ಯ ನಿಷೇಧಿಸಿತು. ತನ್ನ ಪಾದದ ಕಟ್ಟು ಬಿಚ್ಚಿ, ಮನೆ ಬಿಟ್ಟು ಜಪಾನಿಗೆ ಓದಲು ಹೋಗಿ, ಕ್ರಾಂತಿಗಿಳಿದು 1907ರಲ್ಲಿ ಶಿರಚ್ಛೇದಕ್ಕೆ ಗುರಿಯಾದ ಚ್ಯೂ ಜಿನ್‌ಳಂಥ ಹೆಣ್ಣುಮಕ್ಕಳೂ ಇದ್ದರು.

ಒಳ್ಳೆಯ ಕೆಲಸವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಸುಧಾರಕರ ಬರಹಗಳಲ್ಲಿ ಹೆಣ್ಣಿನ ನೋವಿನಷ್ಟೇ ದೊಡ್ಡದಾಗಿ ರಾಷ್ಟ್ರದ ಮಾನವೂ ಕಾಣಿಸಿಕೊಂಡಿತು. ಹೊರದೇಶದವರು ನಮ್ಮನ್ನು ನೋಡಿ ನಗುತ್ತಾರೆ ಎಂಬುದು ಕಾಂಗ್ ಅವರ ಮುಖ್ಯ ಅಳಲುಗಳಲ್ಲಿ ಒಂದು. ನಿನ್ನೆಯವರೆಗೆ ಪಾದ ದೊಡ್ಡದಿದ್ದರೆ ಮದುವೆಯಿಲ್ಲ ಎಂದು ಕೇಳುತ್ತಾ ಬೆಳೆದವಳು ಇಂದು ಪಾದ ಚಿಕ್ಕದಿದ್ದರೆ ದೇಶಕ್ಕೆ ಅವಮಾನ ಎಂದು ಕೇಳಬೇಕಾಯಿತು. ಶಾನ್ಶಿ ಪ್ರಾಂತದಲ್ಲಿ ಯಾನ್ ಶಿಶಾನ್‌ನ ಆಡಳಿತ ಮನೆಗೆ ತನಿಖಾಧಿಕಾರಿಗಳನ್ನು ಕಳಿಸಿ, ದಂಡ ಹಾಕಿ ಕಟ್ಟು ಬಿಚ್ಚಿಸಿತು. ಎಳೆಯರಿಗೆ ಅದು ಬಿಡುಗಡೆಯೇ ಆಯಿತು. ಮುರಿದ ಮೂಳೆ ಹಾಗೇ ಕೂಡಿಕೊಂಡಿದ್ದ ಹಿರಿಯರಿಗೆ ಬಟ್ಟೆಯ ಆಸರೆಯಿಲ್ಲದೆ ನಡೆಯುವುದು ಇನ್ನೂ ಕಷ್ಟವಾಯಿತು. ಅರ್ಧ ಕಟ್ಟಿ ಬಿಚ್ಚಿದ ಇಂಥ ಪಾದಕ್ಕೆ ಮುಂದೆ 'ಜಿಯೆಫಾಂಗ್ ಜಿಯಾವ್', ವಿಮೋಚಿತ ಪಾದ, ಎಂಬ ಹೆಸರು ಬಂತು.

ನಂತರ ಪಾದ ಬೈಗುಳವಾಯಿತು. 1942ರ ಫೆಬ್ರವರಿಯಲ್ಲಿ ಯಾನ್‌ಆನ್‌ನಲ್ಲಿ ಮಾಡಿದ ಭಾಷಣದಲ್ಲಿ ಮಾವೋ ಝೆದೋಂಗ್ ಪಕ್ಷದ ಉದ್ದುದ್ದ ಲೇಖನಗಳನ್ನು ಸೋಮಾರಿ ಹೆಂಗಸಿನ ಪಾದದ ಬಟ್ಟೆಗೆ ಹೋಲಿಸಿದರು. ಜನಬಳಕೆಯಲ್ಲಿ ಇದು ನಾರುವ, ಮುಗಿಯದ ಮಾತಿಗೆ ಗಾದೆಯಾಗಿದೆ. 1955ರ ಜುಲೈ 31ರಂದು ಸಹಕಾರಿ ಕೃಷಿಯ ಬಗ್ಗೆ ಮಾತಾಡುತ್ತಾ, ನಿಧಾನಿಸಿ ಎನ್ನುವ ಸಂಗಾತಿಗಳನ್ನು ಕಟ್ಟಿದ ಪಾದದ ಹೆಂಗಸಿನಂತೆ ತಟ್ಟಾಡುವವರು ಎಂದು ಗೇಲಿ ಮಾಡಿದರು. ಆ ದಿನ ಚೀನಾದ ಹಳ್ಳಿಗಳಲ್ಲಿ ಅಂಥ ಪಾದಗಳಲ್ಲೇ ಹೊಲ ಕಳೆಯುವ, ನೀರು ಹೊರುವ ಎಷ್ಟೋ ಹೆಂಗಸರು ಬದುಕಿದ್ದರು. ಅವಸರದ ಕೃಷಿ ನೀತಿ ಮುಂದೆ ಎಂಥ ಕ್ಷಾಮಕ್ಕೆ ಮುಟ್ಟಿಸಿತೆಂಬುದು ಇಂದು ಗೊತ್ತಿದೆ. ನಿಧಾನಿಸಿ ಎಂದವರ ಮಾತಿನಲ್ಲಿ ಹುರುಳಿತ್ತು.

ಆ ಹೆಂಗಸರು ಮನೆಯ ಅಲಂಕಾರದ ಗೊಂಬೆಗಳಾಗಿರಲಿಲ್ಲ. ಲಾರೆಲ್ ಬಾಸೆನ್ ಮತ್ತು ಹಿಲ್ ಗೇಟ್ಸ್ ಎಂಬ ಮಾನವಶಾಸ್ತ್ರಜ್ಞರು ಚೀನಾದ ಹಳ್ಳಿಗಳಲ್ಲಿ ಸಾವಿರಕ್ಕೂ ಹೆಚ್ಚು ವೃದ್ಧೆಯರನ್ನು ಮಾತಾಡಿಸಿ 2017ರಲ್ಲಿ ಪುಸ್ತಕ ಪ್ರಕಟಿಸಿದ್ದಾರೆ. ನೂಲುವ, ನೇಯುವ ಕೈಕೆಲಸ ಹೆಚ್ಚಿದ್ದ ಕಡೆ ಚಿಕ್ಕ ಹುಡುಗಿಯರ ಪಾದ ಕಟ್ಟಿ ಕೂರಿಸುವ ರೂಢಿ ಗಟ್ಟಿಯಾಗಿತ್ತು, ಗಿರಣಿಯ ನೂಲು ಬಟ್ಟೆ ಬಂದು ಆ ದುಡಿಮೆಗೆ ಬೆಲೆ ಇಲ್ಲವಾದಾಗ ರೂಢಿಯೂ ಸಡಿಲವಾಯಿತು ಎಂದು ಅವರು ವಾದಿಸುತ್ತಾರೆ. ಹೊಂದಾವರೆಯ ಕಾವ್ಯದ ಹಿಂದೆ ರಾಟೆಯ ಮುಂದೆ ಕೂತ ಮಕ್ಕಳ ದುಡಿಮೆ ಇತ್ತೆಂದಾಯಿತು.

ಬರಿಗಾಲಿನವರು

ಚೀನಿಯಲ್ಲಿ ಬರಿಗಾಲಿಗೂ ಗಾದೆಯಿದೆ: ಬರಿಗಾಲಿನವನು ಬೂಟು ಹಾಕಿದವನಿಗೆ ಹೆದರುವುದಿಲ್ಲ. ಕಳೆದುಕೊಳ್ಳಲು ಏನೂ ಇಲ್ಲದವನ ಧೈರ್ಯವಿದು. ಮಾವೋ ಕಾಲದಲ್ಲೇ ಬರಿಗಾಲು ಒಂದು ಗೌರವದ ಹುದ್ದೆಯ ಹೆಸರಾದದ್ದೂ ಉಂಟು. ಶಾಂಘೈ ಸುತ್ತಲಿನ ಹಳ್ಳಿಗಳಲ್ಲಿ ಕೆಲವು ತಿಂಗಳ ತರಬೇತಿ ಪಡೆದು, ಭತ್ತದ ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುತ್ತಲೇ ಊರವರಿಗೆ ಮದ್ದು ಕೊಡುತ್ತಿದ್ದ ರೈತ ಯುವಕ ಯುವತಿಯರನ್ನು ಜನ 'ಚಿಜಿಯಾವ್ ಯೀಶೆಂಗ್', ಬರಿಗಾಲ ವೈದ್ಯರು, ಎಂದು ಕರೆದರು. 1968ರ ಸೆಪ್ಟೆಂಬರ್‌ನಲ್ಲಿ 'ಪೀಪಲ್ಸ್ ಡೇಲಿ' ಅವರ ಬಗ್ಗೆ ಪ್ರಕಟಿಸಿದ ಲೇಖನದಿಂದ ಆ ಹೆಸರು ದೇಶಕ್ಕೆಲ್ಲ ಹಬ್ಬಿತು. ಆ ಲೇಖನದಲ್ಲಿ ಬರುವ ವಾಂಗ್ ಗುಯಿಝೆನ್ ಒಬ್ಬ ರೈತ ಯುವತಿ. ಅವರ ವಿದ್ಯೆಗೆ ಮಿತಿಯಿತ್ತು. ಆದರೂ ವೈದ್ಯರ ಮುಖವನ್ನೇ ಕಾಣದ ಹಳ್ಳಿಗಳಿಗೆ ಲಸಿಕೆ, ಹೆರಿಗೆಯ ಆರೈಕೆ ತಲುಪಿದ್ದು ಅವರಿಂದ. 1985ರಲ್ಲಿ ಸರ್ಕಾರ ಆ ಹೆಸರನ್ನು ಕೈಬಿಟ್ಟು, ಪರೀಕ್ಷೆ ಪಾಸಾದವರನ್ನು ಗ್ರಾಮವೈದ್ಯರೆಂದು ಕರೆಯಿತು. ಅಜ್ಜಿಯ ಕಾಲದಲ್ಲಿ ಮನೆಯ ಹೊಸ್ತಿಲು ದಾಟುವುದೇ ಕಷ್ಟವಾಗಿದ್ದ ಊರುಗಳಲ್ಲಿ ಮೊಮ್ಮಗಳು ಬರಿಗಾಲಲ್ಲಿ ಮದ್ದಿನ ಪೆಟ್ಟಿಗೆ ಹೊತ್ತು ಮನೆಮನೆ ತಿರುಗಿದಳು. ಕಾಲಿಗೆ ಸಂಬಂಧಿಸಿದ ಚೀನಿ ಮಾತುಗಳಲ್ಲಿ ಹೆಣ್ಣನ್ನು ಹೀಗೆ ನಡೆಸಿದ ಮಾತು ಬಹಳ ಕಡಿಮೆ.

ಅಜ್ಜಿಯರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವರಿಗೆ ಪಾದರಕ್ಷೆ ಬೇಕಿತ್ತು. ಅಂಗಡಿಯ ಮಾಮೂಲು ಚಪ್ಪಲಿ ಆ ಪಾದಗಳಿಗೆ ಆಗುತ್ತಿರಲಿಲ್ಲ. ಈಶಾನ್ಯ ಚೀನಾದ ಹಾರ್ಬಿನ್ ನಗರದ ಒಂದು ಕಾರ್ಖಾನೆ ಅವರಿಗಾಗಿ ಪುಟ್ಟ ಪಾದರಕ್ಷೆಗಳನ್ನು ತಯಾರಿಸುತ್ತಿತ್ತು. ಕೊಳ್ಳುವವರು ಕಡಿಮೆಯಾಗುತ್ತಾ ಬಂದು 1990ರ ದಶಕದ ಕೊನೆಯಲ್ಲಿ ಅದೂ ತಯಾರಿಕೆ ನಿಲ್ಲಿಸಿತು. ಯಾನ್ ಯಿಂಗ್ ತನ್ನ ಮನೆಯ ಪಕ್ಕದ ಸಂತೆಯಲ್ಲಿ ವಿಶೇಷ ಪಾದರಕ್ಷೆಯ ಬೆಲೆ ನೋಡಿ ರಾಜ್ಯದ ಸ್ಥಿತಿ ಅಳೆದಿದ್ದ. ಅದೇ ಲೆಕ್ಕದಲ್ಲಿ ನೋಡಿದರೆ ಹಾರ್ಬಿನ್‌ನ ಆ ಕಾರ್ಖಾನೆಯಲ್ಲಿ ಅಚ್ಚುಗಳನ್ನು ಎತ್ತಿಟ್ಟ ದಿನ ಚೀನಾದ ಚರಿತ್ರೆಯಲ್ಲಿ ಒಂದು ಒಳ್ಳೆಯ ದಿನ. ಆ ದಿನಕ್ಕೆ ಯಾರೂ ನಾಲ್ಕಕ್ಷರದ ನುಡಿಗಟ್ಟು ಕಟ್ಟಿಲ್ಲ.